ಲೀಚೇಟ್‌ನ ಜೈವಿಕ ಶುದ್ಧೀಕರಣ ಮತ್ತು ವಿದ್ಯುತ್ ಉತ್ಪಾದನೆ: ಎರಡು ಪ್ರಸ್ತಾವಗಳಲ್ಲಿ ಯಾವುದನ್ನು ನಂಬಬೇಕು?

ತಿಳಿನೀರು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಒಂದು ಭೂಭರ್ತಿ ತಾಣದ (ನಗರದ ಕಸ ತುಂಬುವ ಜಾಗದ) ಲೀಚೇಟ್, ಅಂದರೆ ಕಸದಿಂದ ಒಸರುವ ಕೊಳಕು ನೀರಿನ ಶುದ್ಧೀಕರಣಕ್ಕೆ ಎರಡು ಪ್ರಸ್ತಾವಗಳು ಬಂದಿದ್ದು, ಅವುಗಳನ್ನು ಪರಿಶೀಲಿಸಿ ಅಭಿಪ್ರಾಯ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲನೆಯದು ಯುಎಎಸ್‌ಬಿ ರಿಯಾಕ್ಟರ್ (ಗಾಳಿಯಿಲ್ಲದೆ ಬದುಕುವ ಜೀವಿಗಳ ಕೆಸರಿನ ಮೂಲಕ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ಮಿಥೇನ್ ಪಡೆಯುವ ತೊಟ್ಟಿ) ಮತ್ತು ಗ್ಯಾಸ್ ಎಂಜಿನ್. ಎರಡನೆಯದು ಸೂಕ್ಷ್ಮಜೀವಿ ಇಂಧನ ಕೋಶ. ಅದನ್ನು ಮುಂದಿಟ್ಟವರು "ಶುದ್ಧೀಕರಣವೂ ಆಗುತ್ತದೆ, ನೇರವಾಗಿ ವಿದ್ಯುತ್ತೂ ಬರುತ್ತದೆ, ಎಂಜಿನ್ನೇ ಬೇಡ" ಎನ್ನುತ್ತಿದ್ದಾರೆ.

ತಾಣದಲ್ಲಿ ಎರಡು ಭಾಗಗಳಿವೆ. ಈಗ ಕಸ ತುಂಬುತ್ತಿರುವ ಹೊಸ ಭಾಗದಿಂದ ದಿನಕ್ಕೆ 120 ಘನ ಮೀಟರ್ ಬರುತ್ತದೆ: ಸಿಒಡಿ (ಸಾವಯವ ಕೊಳೆಯನ್ನು ಪೂರ್ತಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ) ಲೀಟರಿಗೆ 28,000 ಮಿಲಿಗ್ರಾಂ, ಬಿಒಡಿ (ಅದರಲ್ಲಿ ಜೀವಿಗಳು ತಿನ್ನಬಲ್ಲ ಪಾಲು) ಅದರ ಶೇ 60, ಪಿಎಚ್ 6.1, ಅಮೋನಿಯಾ ಸಾರಜನಕ 1,400 ಮಿಲಿಗ್ರಾಂ. ಮುಚ್ಚಿ ಬಹಳ ವರ್ಷಗಳಾಗಿರುವ ಹಳೆಯ ಭಾಗದಿಂದ 80 ಘನ ಮೀಟರ್: ಸಿಒಡಿ 3,600, ಬಿಒಡಿ ಅದರ ಶೇ 8 ಮಾತ್ರ, ಪಿಎಚ್ 8.2, ಅಮೋನಿಯಾ ಸಾರಜನಕ 2,300. ಸದ್ಯಕ್ಕೆ ಎರಡೂ ಒಂದೇ ಹೊಂಡಕ್ಕೆ ಹರಿಯುತ್ತಿವೆ. ಎರಡೂ ಪ್ರಸ್ತಾವಗಳು ಈ ಮಿಶ್ರಣವನ್ನೇ ಆಧಾರವಾಗಿ ಇಟ್ಟುಕೊಂಡಿವೆ, ಮತ್ತು ಅಮೋನಿಯಾದ ಬಗ್ಗೆ ಎರಡರಲ್ಲೂ ಇರುವುದು ಒಂದೇ ಸಾಲು. ಅನುಭವವಿರುವವರು ದಯವಿಟ್ಟು ಹೇಳಿ.

ಬ್ಲೋವರ್ ಸದ್ದು

ಮೊದಲು ಆ ಒಂದು ಹೊಂಡವನ್ನು ಎರಡು ಮಾಡಿಸಿ. ಉಳಿದ ಚರ್ಚೆ ಆಮೇಲೆ.

ಲೆಕ್ಕದ ಪುಸ್ತಕ

ಬ್ಲೋವರ್ ಸದ್ದು ಅವರ ಮಾತು ಯಾಕೆ ಸರಿ ಎಂಬುದು ಲೆಕ್ಕ ಹಾಕಿದರೆ ತಾನಾಗಿಯೇ ಗೊತ್ತಾಗುತ್ತದೆ. ಹೊಸ ಭಾಗದ ಲೀಚೇಟ್‌ನಲ್ಲಿ ದಿನಕ್ಕೆ 3,360 ಕಿಲೋ ಸಿಒಡಿ ಇದೆ. ಗಾಳಿರಹಿತ ರಿಯಾಕ್ಟರ್ ಅದರಲ್ಲಿ ಶೇ 80ರಷ್ಟನ್ನು ತೆಗೆಯುತ್ತದೆ ಎಂದಿಟ್ಟುಕೊಂಡರೆ ಸುಮಾರು 2,690 ಕಿಲೋ. ಕಿಲೋಗೆ 0.35 ಘನ ಮೀಟರ್‌ನಂತೆ ದಿನಕ್ಕೆ 940 ಘನ ಮೀಟರ್ ಮಿಥೇನ್ ಸಿಗುತ್ತದೆ. ಘನ ಮೀಟರ್ ಮಿಥೇನ್‌ನಲ್ಲಿ ಹತ್ತಿರ ಹತ್ತಿರ 10 ಯೂನಿಟ್‌ನಷ್ಟು ಶಾಖ ಇರುತ್ತದೆ. ಎಂಜಿನ್ ಶೇ 38ರಷ್ಟನ್ನು ವಿದ್ಯುತ್ತಾಗಿ ಪರಿವರ್ತಿಸಿದರೆ ದಿನಕ್ಕೆ ಸುಮಾರು 3,560 ಯೂನಿಟ್. ಗಂಟೆಗೆ ಹಂಚಿದರೆ 150 ಕಿಲೊವ್ಯಾಟ್‌ಗೆ ಸ್ವಲ್ಪ ಕಡಿಮೆ.

ಇನ್ನು ಹಳೆಯ ಭಾಗ. ಅಲ್ಲಿ ದಿನಕ್ಕೆ 288 ಕಿಲೋ ಸಿಒಡಿ ಇದ್ದರೂ ಜೀವಿಗಳು ತಿನ್ನಬಲ್ಲದ್ದು ಮೂವತ್ತು ಕಿಲೋದ ಆಸುಪಾಸು. ಉಳಿದದ್ದೆಲ್ಲ ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳು. ಆ ಕಂದು ಬಣ್ಣ ಅವುಗಳದ್ದೇ. ಅದರಿಂದ ದಿನಕ್ಕೆ ಹತ್ತು-ಹನ್ನೆರಡು ಘನ ಮೀಟರ್ ಮಿಥೇನ್ ಬಂದರೆ ಹೆಚ್ಚು. ಅಷ್ಟಕ್ಕಾಗಿ 80 ಘನ ಮೀಟರ್ ನೀರನ್ನು ರಿಯಾಕ್ಟರ್ ಮೂಲಕ ಹಾಯಿಸಿದರೆ ರಿಯಾಕ್ಟರಿನ ಗಾತ್ರ ಹೆಚ್ಚುತ್ತದೆ, ಅಮೋನಿಯಾ ಹೆಚ್ಚುತ್ತದೆ, ಗ್ಯಾಸ್ ಮಾತ್ರ ಹೆಚ್ಚುವುದಿಲ್ಲ.

ಗ್ಯಾಸ್ ಬಲೂನು

ಲೆಕ್ಕದ ಪುಸ್ತಕ ಅವರೇ, ಕಿಲೋ ಸಿಒಡಿಗೆ 0.35 ಘನ ಮೀಟರ್ ಎಂಬುದು ಬಯೋಗ್ಯಾಸ್‌ನ ಪ್ರಮಾಣವಲ್ಲವೇ? ಅದರಲ್ಲಿ ಮಿಥೇನ್ ಮೂರನೇ ಎರಡು ಭಾಗವಷ್ಟೇ ಇರುತ್ತದೆ. ಹಾಗಿದ್ದರೆ ನಿಮ್ಮ ಅಂದಾಜು ಬಹಳ ಹೆಚ್ಚಾಯಿತು.

ಲೆಕ್ಕದ ಪುಸ್ತಕ

ಅಲ್ಲ, ಅದು ಶುದ್ಧ ಮಿಥೇನ್‌ನ ಪ್ರಮಾಣ. ಒಂದು ಮೋಲ್ ಮಿಥೇನ್ ಪೂರ್ತಿ ಉರಿಯಲು ಎರಡು ಮೋಲ್, ಅಂದರೆ 64 ಗ್ರಾಂ ಆಮ್ಲಜನಕ ಬೇಕು, 22.4 ಲೀಟರನ್ನು 64ರಿಂದ ಭಾಗಿಸಿದರೆ ಗ್ರಾಂಗೆ 0.35 ಲೀಟರ್. ಅದೂ ಸೊನ್ನೆ ಡಿಗ್ರಿಯಲ್ಲಿ. 35 ಡಿಗ್ರಿಯಲ್ಲಿ ಮೀಟರ್ ಓದಿದರೆ ಅದೇ ಅನಿಲ 0.395 ಎಂದು ತೋರಿಸುತ್ತದೆ. ಪ್ರಸ್ತಾವಗಳನ್ನು ಓದುವಾಗ ಅನಿಲದ ಪ್ರಮಾಣವನ್ನು ಯಾವ ಉಷ್ಣಾಂಶದಲ್ಲಿ ಹೇಳಿದ್ದಾರೆ ಎಂದು ಕೇಳಿ. ಆ ಒಂದು ಜಾಣತನದಲ್ಲೇ ಶೇ 12-13 ಹೆಚ್ಚುವರಿ ಇಂಧನ ಹುಟ್ಟಿಬಿಡುತ್ತದೆ!

ವಿದ್ಯುದ್ವಾರ

ಸೂಕ್ಷ್ಮಜೀವಿ ಇಂಧನ ಕೋಶದ ಬಗ್ಗೆ ಯಾರೂ ಮಾತನಾಡದೇ ಇರುವುದರಿಂದ ನಾನೇ ಹೇಳುತ್ತೇನೆ. ನನ್ನ ಸಂಶೋಧನೆ ಇದೇ ವಿಷಯದಲ್ಲಿದೆ. ಸೂಕ್ಷ್ಮಜೀವಿಗಳಿಂದ ವಿದ್ಯುತ್ ಪಡೆಯಬಹುದೆಂದು ಪಾಟರ್ ತೋರಿಸಿದ್ದು 1911ರಲ್ಲಿ, ಆದ್ದರಿಂದ ಇದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಸಾವಯವ ಪದಾರ್ಥವನ್ನು ಉತ್ಕರ್ಷಿಸುವಾಗ ಬಿಡುಗಡೆಯಾಗುವ ಎಲೆಕ್ಟ್ರಾನ್‌ಗಳನ್ನು ನೇರವಾಗಿ ಆನೋಡ್‌ಗೆ ದಾಟಿಸುತ್ತವೆ. ಲೀಚೇಟ್‌ನಲ್ಲಿ ಲವಣಾಂಶ ಹೆಚ್ಚಿರುವುದರಿಂದ ವಿದ್ಯುದ್ವಾಹಕತೆಯೂ ಹೆಚ್ಚು. ಮನೆಬಳಕೆಯ ಕೊಳಚೆ ನೀರಿಗೆ ಹೋಲಿಸಿದರೆ ಕೋಶದ ಒಳರೋಧ ಇಲ್ಲಿ ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಗಾಳಿ ಊದುವ ಖರ್ಚಿಲ್ಲ, ಗ್ಯಾಸ್ ಶುದ್ಧಿ ಮಾಡುವ ಖರ್ಚಿಲ್ಲ, ಎಂಜಿನ್‌ನಲ್ಲಿ ಶಾಖವಾಗಿ ಹೋಗುವ ಶೇ 60ರ ನಷ್ಟವೂ ಇಲ್ಲ. ಇದನ್ನು ಒಂದೇ ಏಟಿಗೆ ತಳ್ಳಿಹಾಕುವುದು ನ್ಯಾಯವಲ್ಲ.

ಲೆಕ್ಕದ ಪುಸ್ತಕ

ತಳ್ಳಿಹಾಕುವ ಮೊದಲು ಅದಕ್ಕೂ ಲೆಕ್ಕ ಹಾಕೋಣ. ಒಂದು ಕಿಲೋ ಸಿಒಡಿ ಎಂದರೆ 125 ಮೋಲ್ ಎಲೆಕ್ಟ್ರಾನ್; ಫ್ಯಾರಡೆ ಸ್ಥಿರಾಂಕದಿಂದ ಗುಣಿಸಿದರೆ ಸುಮಾರು 3,350 ಆಂಪಿಯರ್ ಗಂಟೆ. ಕೋಶ 0.3 ವೋಲ್ಟ್‌ನಲ್ಲಿ ಕೆಲಸ ಮಾಡಿ, ಪ್ರತಿಯೊಂದು ಎಲೆಕ್ಟ್ರಾನೂ ತಂತಿಗೆ ಬಂದರೆ, ಹೆಚ್ಚುಕಡಿಮೆ ಒಂದು ಯೂನಿಟ್. ಮಿಥೇನ್ ಮಾರ್ಗದಲ್ಲಿ ಅದೇ ಕಿಲೋಗೆ 1.3 ಯೂನಿಟ್ ಬರುತ್ತದೆ. ಅಂದರೆ ಎಂಜಿನ್ನಿನ ನಷ್ಟವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ, ನಿಮ್ಮ ಕೋಶದ ಅತ್ಯುತ್ತಮ ಸ್ಥಿತಿ ಎಂಜಿನ್ನಿನ ಸಾಧಾರಣ ಸ್ಥಿತಿಗಿಂತ ಕೆಳಗಿದೆ. ನೈಜ ಲೀಚೇಟ್‌ನಲ್ಲಿ ನಾಲ್ಕರಲ್ಲೊಂದು ಎಲೆಕ್ಟ್ರಾನ್ ತಂತಿಗೆ ಬಂದರೆ ಕಾಲು ಯೂನಿಟ್. ಉಳಿದವನ್ನು ಆನೋಡ್ ಕೋಣೆಯಲ್ಲೇ ಇರುವ ಮಿಥೇನ್ ಜೀವಿಗಳು, ಸಲ್ಫೇಟ್ ತಿನ್ನುವ ಜೀವಿಗಳು ಕಸಿದುಕೊಳ್ಳುತ್ತವೆ.

ನಷ್ಟ ಶಾಖದಲ್ಲಿ ಇಲ್ಲದಿದ್ದರೆ ವೋಲ್ಟೇಜಿನಲ್ಲಿ ಇರುತ್ತದೆ. ಸೈದ್ಧಾಂತಿಕವಾಗಿ 1.1 ವೋಲ್ಟ್ ಸಿಗಬೇಕಾದ ಕಡೆ 0.3 ಸಿಗುತ್ತಿದೆ ಎಂದರೆ ಮುಕ್ಕಾಲು ಪಾಲು ಅಲ್ಲೇ ಹೋಯಿತು.

ವಿದ್ಯುದ್ವಾರ

ಲೆಕ್ಕವನ್ನು ನಾನು ವಿರೋಧಿಸುವುದಿಲ್ಲ, ಆದರೆ ನೀವು ವಿದ್ಯುತ್ತನ್ನು ಮಾತ್ರ ತೂಗುತ್ತಿದ್ದೀರಿ. ಆನೋಡ್‌ನಿಂದ ಕ್ಯಾಥೋಡ್‌ಗೆ ಎಲೆಕ್ಟ್ರಾನ್ ಹರಿಯುವಾಗ ವಿದ್ಯುದಾವೇಶದ ಸಮತೋಲನಕ್ಕಾಗಿ ಅಮೋನಿಯಂ ಅಯಾನುಗಳೂ ಪೊರೆಯ ಮೂಲಕ ಕ್ಯಾಥೋಡ್ ಕಡೆಗೆ ದಾಟುತ್ತವೆ. ಅಲ್ಲಿ ಪಿಎಚ್ ಏರುವುದರಿಂದ ಅವು ಅಮೋನಿಯಾ ಅನಿಲವಾಗುತ್ತವೆ, ಆ ಅನಿಲವನ್ನು ಆಮ್ಲದಲ್ಲಿ ಹಿಡಿದರೆ ಗೊಬ್ಬರದ ಲವಣವಾಗುತ್ತದೆ. ಲೀಚೇಟ್‌ನಂಥ ಅಮೋನಿಯಾ ತುಂಬಿದ ದ್ರವಕ್ಕೆ ಈ ತಂತ್ರ ಮುಂದೆ ಉಪಯೋಗಕ್ಕೆ ಬರಬಹುದು. ಹಾಗೆಂದು ದಿನಕ್ಕೆ 200 ಘನ ಮೀಟರ್‌ನ ಪೂರ್ಣ ಪ್ರಮಾಣದ ಘಟಕವನ್ನು ಈಗಲೇ ಕಟ್ಟಿ ಎಂದು ನಾನು ಹೇಳಲಾರೆ. ಎಲೆಕ್ಟ್ರೋಡ್‌ಗಳ ವಿಸ್ತೀರ್ಣವೊಂದೇ ಸಾಕು, ಯೋಜನೆ ಅಲ್ಲಿಗೇ ನಿಲ್ಲುತ್ತದೆ.

ಬ್ಲೋವರ್ ಸದ್ದು

ಹಾಗಾದರೆ ಎರಡನೇ ಪ್ರಸ್ತಾವದ ಕಥೆ ಮುಗಿಯಿತು ಎಂದೇ ಅರ್ಥ. ಮುಂದೆ ಹೋಗೋಣ.

ಹಳೇ ಆಪರೇಟರ್

ಮೊದಲನೇ ಪ್ರಸ್ತಾವವನ್ನೂ ಕಣ್ಣು ಮುಚ್ಚಿ ಒಪ್ಪಬೇಡಿ. ಕಾಗದದ ಮೇಲೆ ಶೇ 80 ತೆಗೆಯುವ ಯುಎಎಸ್‌ಬಿ, ಲೀಚೇಟ್ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಹೊಸ ಲೀಚೇಟ್ ಆಮ್ಲೀಯವಾಗಿರುವುದರಿಂದ ಕಸದೊಳಗಿನ ಸುಣ್ಣದ ಅಂಶವನ್ನೆಲ್ಲ ಕರಗಿಸಿಕೊಂಡು ಬರುತ್ತದೆ. ರಿಯಾಕ್ಟರ್ ಒಳಗೆ ಜೀವಿಗಳು ಆಮ್ಲವನ್ನು ತಿಂದು ಪಿಎಚ್ ಏರುತ್ತಿದ್ದಂತೆ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ, ಅದೂ ಎಲ್ಲಿ ಆಮ್ಲ ಬೇಗ ಖಾಲಿಯಾಗುತ್ತದೋ ಅಲ್ಲಿ, ಅಂದರೆ ಜೀವಿಗಳು ಗುಂಪಾಗಿ ಕಟ್ಟಿಕೊಂಡ ಕಾಳಿನಂಥ ಗ್ರ್ಯಾನ್ಯೂಲ್‌ನ ಮೇಲೆ ಮತ್ತು ಒಳಗೆ. ನಾವು ತಳದ ಕವಾಟದಿಂದ ತೆಗೆದ ಗ್ರ್ಯಾನ್ಯೂಲ್‌ಗಳನ್ನು ಗಾಜಿನ ತಟ್ಟೆಯ ಮೇಲೆ ಸುರಿದಾಗ ಜಲ್ಲಿ ಬಿದ್ದ ಹಾಗೆ ಟಣ್ ಎಂದು ಸದ್ದಾಯಿತು. ಆರೋಗ್ಯವಂತ ಗ್ರ್ಯಾನ್ಯೂಲ್ ಬೆರಳ ನಡುವೆ ಒತ್ತಿದರೆ ಮೆತ್ತಗೆ ಹಿಸುಕಿಕೊಳ್ಳುತ್ತದೆ. ಇವು ಬ್ಲೇಡಿಗೂ ಬಗ್ಗಲಿಲ್ಲ. ಇಕ್ಕಳದಿಂದ ಒಡೆದು ನೋಡಿದರೆ ಹೊರಗೆ ಕೂದಲೆಳೆಯಷ್ಟು ತೆಳುವಾದ ಕಪ್ಪು ಪದರ, ಒಳಗೆಲ್ಲ ಬೂದು-ಬಿಳಿ ಕಲ್ಲು. ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟ ಕೂಡಲೇ ನೊರೆಗುಟ್ಟಿತು. ವಿಶೇಷವೆಂದರೆ ಆ ದಿನದ ವರದಿಯಲ್ಲಿ ಕೆಸರಿನ ಒಟ್ಟು ಘನಾಂಶ ಬಹಳ ಚೆನ್ನಾಗಿದೆ ಎಂದೇ ಬರೆದಿತ್ತು, ಏಕೆಂದರೆ ಕಲ್ಲಿಗೂ ತೂಕವಿರುತ್ತದೆ. ಒಟ್ಟು ಘನಾಂಶದಲ್ಲಿ ಉರಿದುಹೋಗುವ ಪಾಲು ಎಷ್ಟು ಎಂಬುದನ್ನು ಯಾರೂ ನೋಡುತ್ತಿರಲಿಲ್ಲ.

ಆದ್ದರಿಂದ ತಿಳಿನೀರು ಅವರೇ, ನಿಮ್ಮ ಪಟ್ಟಿಯಲ್ಲಿ ಕ್ಯಾಲ್ಸಿಯಂ ಇಲ್ಲ. ಅದನ್ನು ಅಳೆಸಿ. ರಂಜಕವನ್ನೂ ಅಳೆಸಿ, ಲೀಚೇಟ್‌ನಲ್ಲಿ ಸಾರಜನಕ ಬೇಡವೆಂದರೂ ಇರುತ್ತದೆ, ಆದರೆ ರಂಜಕ ಸಾಮಾನ್ಯವಾಗಿ ಸಾಲುವುದಿಲ್ಲ, ಹೊರಗಿನಿಂದ ಫಾಸ್ಫಾರಿಕ್ ಆಮ್ಲ ಹಾಕಬೇಕಾಗುತ್ತದೆ.

ತಿಳಿನೀರು

ಧನ್ಯವಾದಗಳು ಸರ್. ಕ್ಯಾಲ್ಸಿಯಂ ಹೆಚ್ಚಿದ್ದರೆ ಪರಿಹಾರವೇನು? ರಿಯಾಕ್ಟರಿಗೆ ಮುಂಚೆಯೇ ಅದನ್ನು ಇಳಿಸಬಹುದೇ? ಹಳೆಯ ಲೀಚೇಟ್‌ನಲ್ಲಿ ಕ್ಷಾರತೆ ಹೆಚ್ಚಿರುವುದರಿಂದ ಅದನ್ನೇ ಬೆರೆಸಿ ಪಿಎಚ್ ಏರಿಸಬಹುದೆಂದು ಮೊದಲ ಪ್ರಸ್ತಾವದವರು ಹೇಳುತ್ತಾರೆ. ಮಿಶ್ರಣಕ್ಕೆ ಅವರು ಕೊಡುವ ಕಾರಣವೂ ಅದೇ.

ಹಳೇ ಆಪರೇಟರ್

ಬೆರೆಸುವುದೇ ಆದರೆ ರಿಯಾಕ್ಟರಿನ ಹೊರಗೆ, ಒಂದು ಸಣ್ಣ ತೊಟ್ಟಿಯಲ್ಲಿ ಬೆರೆಸಿ, ಅಲ್ಲೇ ಕಾರ್ಬೊನೇಟ್ ಕೆಳಗಿಳಿಯಲಿ. ಆದರೆ ಪಿಎಚ್ ಏರಿಸಲು ಹಳೆಯ ಲೀಚೇಟ್ ಅಗತ್ಯವಿಲ್ಲ. ರಿಯಾಕ್ಟರಿನಿಂದ ಹೊರಬರುವ ನೀರಿನಲ್ಲೇ ಬೇಕಾದಷ್ಟು ಬೈಕಾರ್ಬೊನೇಟ್ ಇರುತ್ತದೆ, ಅದರ ಒಂದು ಪಾಲನ್ನು ಹಿಂದಕ್ಕೆ ತಿರುಗಿಸಿದರೆ ಆಯಿತು. ಹಳೆಯದನ್ನು ಬೆರೆಸಿದರೆ ಕ್ಷಾರತೆಯ ಜೊತೆ 2,300 ಮಿಲಿಗ್ರಾಂ ಅಮೋನಿಯಾವನ್ನೂ ಒಳಗೆ ಕರೆದುಕೊಂಡಂತೆ. ಪಿಎಚ್ 7 ಇದ್ದಾಗ 35 ಡಿಗ್ರಿಯಲ್ಲಿ ಅದರ ಶೇ 1ರಷ್ಟು ಮಾತ್ರ ಮುಕ್ತ ಅಮೋನಿಯಾ ರೂಪದಲ್ಲಿರುತ್ತದೆ, ಪಿಎಚ್ 8 ಆದರೆ ಶೇ 11ರ ಹತ್ತಿರ ಹೋಗುತ್ತದೆ. ಮಿಥೇನ್ ಜೀವಿಗಳಿಗೆ ವಿಷವಾಗುವುದು ಆ ಮುಕ್ತ ರೂಪವೇ.

ಪೊರೆ ಪಕ್ಷಪಾತಿ

ಇಷ್ಟೆಲ್ಲ ತಲೆನೋವು ಯಾಕೆ? ಆರ್‌ಒ ಪೊರೆ ಹಾಕಿಸಿ. ಅಮೋನಿಯಾ, ಬಣ್ಣ, ಲವಣ ಎಲ್ಲವೂ ಒಂದೇ ಹಂತದಲ್ಲಿ ಹೋಗುತ್ತವೆ.

ಬ್ಲೋವರ್ ಸದ್ದು

ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ಹೇಳಿ. ನೂರು ಲೀಟರ್ ಕೊಟ್ಟರೆ ಇಪ್ಪತ್ತು-ಮೂವತ್ತು ಲೀಟರ್ ಸಾಂದ್ರ ದ್ರವ ಉಳಿಯುತ್ತದೆ, ಬಹಳ ಕಡೆ ಅದನ್ನು ಮತ್ತೆ ಕಸದ ಗುಡ್ಡೆಯ ಮೇಲೇ ಸುರಿಯುತ್ತಾರೆ. ಆಗ ಗುಡ್ಡೆಯ ಲವಣಾಂಶ ಏರುತ್ತಾ ಹೋಗಿ ಅದೇ ಪೊರೆಯ ಮುಂದೆ ವಾಪಸು ಬಂದು ನಿಲ್ಲುತ್ತದೆ.

ಪೊರೆ ಪಕ್ಷಪಾತಿ

ಜೈವಿಕ ವಿಧಾನದಲ್ಲೂ ಕೊನೆಗೆ ಹ್ಯೂಮಿಕ್ ಬಣ್ಣ ಉಳಿಯುತ್ತದೆ, ಅದಕ್ಕೆ ಪೊರೆಯೋ ಇದ್ದಿಲೋ ಬೇಕೇ ಬೇಕು. ನನ್ನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ.

ಸಾರಜನಕ ಕಾವಲುಗಾರ

ಅದು ಸರಿಯಾದ ಮಾತು, ಪೊರೆಯ ಜಾಗ ಕೊನೆಯಲ್ಲಿ. ಆದರೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಇನ್ನೂ ಯಾರೂ ಎತ್ತಿಲ್ಲ. ಲೀಚೇಟ್‌ನಲ್ಲಿರುವ ಸಾವಯವ ಇಂಗಾಲಕ್ಕೆ ಇಬ್ಬರು ಹಕ್ಕುದಾರರಿದ್ದಾರೆ: ಮಿಥೇನ್ ಮತ್ತು ಸಾರಜನಕ. ಇದನ್ನು ಒಂದೇ ಸಾಲಿನಲ್ಲಿ ಮುಗಿಸಿರುವ ಪ್ರಸ್ತಾವದ ಇಂಧನ ಲೆಕ್ಕವನ್ನು ನಾನಂತೂ ನಂಬುವುದಿಲ್ಲ.

ವಿವರಿಸುತ್ತೇನೆ. ಎರಡೂ ಭಾಗಗಳನ್ನು ಸೇರಿಸಿದರೆ ದಿನಕ್ಕೆ ಸುಮಾರು 352 ಕಿಲೋ ಅಮೋನಿಯಾ ಸಾರಜನಕ ಇದೆ, ಮತ್ತು ಗಾಳಿರಹಿತ ರಿಯಾಕ್ಟರ್ ಅದನ್ನು ಒಂದು ಕಿಲೋದಷ್ಟೂ ಕಡಿಮೆ ಮಾಡುವುದಿಲ್ಲ. ಪ್ರೋಟೀನು ಒಡೆದು ಸ್ವಲ್ಪ ಹೆಚ್ಚೇ ಆಗಬಹುದು. ಹಳೆಯ ಕ್ರಮದಲ್ಲಿ, ಅಂದರೆ ನೈಟ್ರೀಕರಣ (ಅಮೋನಿಯಾವನ್ನು ನೈಟ್ರೇಟ್ ಆಗಿಸುವುದು) ಮಾಡಿ ಆಮೇಲೆ ಡಿನೈಟ್ರಿಫಿಕೇಶನ್ (ನೈಟ್ರೇಟನ್ನು ಸಾರಜನಕ ಅನಿಲವಾಗಿಸುವುದು) ಮಾಡುವುದಾದರೆ, ಕಿಲೋ ಸಾರಜನಕಕ್ಕೆ 4.57 ಕಿಲೋ ಆಮ್ಲಜನಕ ಬೇಕು. ಒಟ್ಟು 1,600 ಕಿಲೋ. ನೊರೆ ಮತ್ತು ಲವಣದ ನಡುವೆ ಗಾಳಿ ಊದುವ ಬ್ಲೋವರ್ ಒಂದು ಯೂನಿಟ್‌ಗೆ ಒಂದೂವರೆ ಕಿಲೋ ಆಮ್ಲಜನಕ ಕರಗಿಸುತ್ತದೆ ಎಂದುಕೊಂಡರೆ ದಿನಕ್ಕೆ 1,070 ಯೂನಿಟ್ ಇಲ್ಲೇ ಖರ್ಚು. ಇದನ್ನಾದರೂ ಎಂಜಿನ್ ಭರಿಸುತ್ತದೆ ಎನ್ನಬಹುದು. ಆದರೆ ಹುಟ್ಟಿದ ನೈಟ್ರೇಟನ್ನು ಸಾರಜನಕ ಅನಿಲವಾಗಿಸಲು ಕಿಲೋಗೆ ಸುಮಾರು 5 ಕಿಲೋ ಸಿಒಡಿ ಬೇಕು, ಅಂದರೆ 1,760 ಕಿಲೋ. ಅದು ಬರಬೇಕಾದದ್ದು ಹೊಸ ಲೀಚೇಟ್‌ನಿಂದಲೇ. ನೀವು ಮಿಥೇನ್‌ಗೆಂದು ಎಣಿಸಿಟ್ಟಿದ್ದ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರಿಯಾಕ್ಟರಿನೊಳಗೆ ಹೋಗದೆ ಪಕ್ಕದ ದಾರಿಯಲ್ಲಿ ಹೋಗಬೇಕಾಗುತ್ತದೆ. 3,560 ಯೂನಿಟ್ ಎಂದದ್ದು 1,700ಕ್ಕೆ ಇಳಿಯಿತು. ಬ್ಲೋವರ್ ಖರ್ಚು ಕಳೆದರೆ 630 ಉಳಿಯಿತು. ಇಲ್ಲದಿದ್ದರೆ ಹೊರಗಿನಿಂದ ಮೆಥನಾಲ್ ಕೊಂಡು ಸುರಿಯಬೇಕು. ಒಂದು ಕಡೆ ಇಂಗಾಲವನ್ನು ಗ್ಯಾಸ್ ಮಾಡಿ ಉರಿಸಿ, ಇನ್ನೊಂದು ಕಡೆ ಇಂಗಾಲವನ್ನು ದುಡ್ಡು ಕೊಟ್ಟು ತರುವ ಘಟಕಗಳೂ ಇವೆ!

ಅನಾಮಾಕ್ಸ್ ಬ್ಯಾಕ್ಟೀರಿಯಾಗಳು ಈ ಗಂಟನ್ನು ಬಿಡಿಸುತ್ತವೆ. ಅಮೋನಿಯಾದ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ನೈಟ್ರೈಟ್‌ವರೆಗೆ ಬೇರೆ ಬ್ಯಾಕ್ಟೀರಿಯಾಗಳು ಉತ್ಕರ್ಷಿಸಿದರೆ, ಉಳಿದ ಅಮೋನಿಯಾವನ್ನು ಆ ನೈಟ್ರೈಟ್‌ನೊಂದಿಗೆ ನೇರವಾಗಿ ಕೂಡಿಸಿ ಸಾರಜನಕ ಅನಿಲವಾಗಿಸುವುದು ಇವುಗಳ ಕೆಲಸ. ಆಮ್ಲಜನಕ ಶೇ 60ರಷ್ಟು ಕಡಿಮೆ ಸಾಕು, ಸಾವಯವ ಇಂಗಾಲ ಬೇಕೇ ಇಲ್ಲ. ಹೀಗೆ ಮಾಡಿದರೆ ಇಂಗಾಲವೆಲ್ಲ ಮಿಥೇನ್‌ಗೆ ಸಿಗುತ್ತದೆ, ಬ್ಲೋವರ್ ಖರ್ಚು 430 ಯೂನಿಟ್‌ಗೆ ಇಳಿಯುತ್ತದೆ, ನಿವ್ವಳ 3,130 ಯೂನಿಟ್ ಉಳಿಯುತ್ತದೆ. ಪಂಪು, ಕಲಕುವ ಯಂತ್ರ ಇತ್ಯಾದಿಗಳನ್ನು ಎರಡೂ ಕಡೆ ಬಿಟ್ಟಿದ್ದೇನೆ. ರಿಯಾಕ್ಟರ್ ಒಂದೇ, ಎಂಜಿನ್ ಒಂದೇ. 630 ಮತ್ತು 3,130ರ ನಡುವಿನ ವ್ಯತ್ಯಾಸವೆಲ್ಲ ಸಾರಜನಕವನ್ನು ಹೇಗೆ ತೆಗೆಯುತ್ತೀರಿ ಎಂಬುದರಲ್ಲಿದೆ.

ಗ್ಯಾಸ್ ಬಲೂನು

ಅನಾಮಾಕ್ಸ್ ಪ್ರಯೋಗಾಲಯದ ಹೊರಗೆ ನಡೆಯುತ್ತದೆಯೇ?

ಸಾರಜನಕ ಕಾವಲುಗಾರ

ಚೆನ್ನಾಗಿಯೇ ನಡೆಯುತ್ತದೆ, ಮತ್ತು ಲೀಚೇಟ್‌ಗೆ ಅದರ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಇಂಥ ಕ್ರಿಯೆ ಸಾಧ್ಯವೆಂದು ಬ್ರೋಡಾ ಎಂಬ ವಿಜ್ಞಾನಿ 1977ರಲ್ಲಿ ಶಕ್ತಿಯ ಲೆಕ್ಕದಿಂದಲೇ ಊಹಿಸಿದ್ದರು. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಒಂದು ಪ್ರಾಯೋಗಿಕ ಘಟಕದಲ್ಲಿ ಅಮೋನಿಯಾ ಕಾಣೆಯಾಗುವುದನ್ನು ಕಂಡು 1995ರಲ್ಲಿ ಅದನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಜರ್ಮನಿಯ ಮೆಷರ್ನಿಚ್ ಮತ್ತು ಸ್ವಿಟ್ಸರ್‌ಲ್ಯಾಂಡ್‌ನ ಕೊಲ್ಲಿಕೆನ್‌ನ ಲೀಚೇಟ್ ಘಟಕಗಳಲ್ಲಿ, ತಿರುಗುವ ತಟ್ಟೆಗಳ ಮೇಲೆ ಬೆಳೆದ ಜೀವಪದರದಲ್ಲಿ, ಇಂಗಾಲವೇ ಇಲ್ಲದಿದ್ದರೂ ಸಾರಜನಕ ಕಡಿಮೆಯಾಗುತ್ತಿದ್ದದ್ದು ಗಮನಕ್ಕೆ ಬಂತು. ಯಾರೂ ಬಿತ್ತದೆ ಬೆಳೆದ ಬೆಳೆ ಅದು. ಪೂರ್ಣ ಪ್ರಮಾಣದ ಮೊದಲ ಅನಾಮಾಕ್ಸ್ ರಿಯಾಕ್ಟರ್ 2002ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಶುರುವಾಯಿತು, ಅದು ಕೆಸರು ಹಿಂಡಿದ ನೀರಿಗಾಗಿ ಕಟ್ಟಿದ್ದು.

ಹಳೇ ಆಪರೇಟರ್

ರಾಟರ್‌ಡ್ಯಾಮ್‌ನ ಆ ರಿಯಾಕ್ಟರ್ ಪೂರ್ಣ ಹೊರೆಗೆ ಬರಲು ಮೂರೂವರೆ ವರ್ಷ ಹಿಡಿಯಿತು ಎಂಬುದನ್ನೂ ಸೇರಿಸಿ ಹೇಳಬೇಕಲ್ಲವೇ? ಆ ಜೀವಿಗಳು ಇಮ್ಮಡಿಯಾಗಲು ಒಂದೆರಡು ವಾರ ತೆಗೆದುಕೊಳ್ಳುತ್ತವೆ. ಒಮ್ಮೆ ನೈಟ್ರೈಟ್ ಏರಿ ಅವು ಸತ್ತರೆ ಮತ್ತೆ ಮೊದಲಿನಿಂದ ಕಾಯಬೇಕು. ಲೀಚೇಟ್ ಎಂಬುದು ಮಳೆ ಬಂದ ದಿನ ಒಂದು, ಒಣಗಿದ ದಿನ ಇನ್ನೊಂದು.

ಸಾರಜನಕ ಕಾವಲುಗಾರ

ಅದು ಮೊದಲ ರಿಯಾಕ್ಟರ್. ಬಿತ್ತಲು ಎಲ್ಲೂ ಬೀಜವಿರಲಿಲ್ಲ. ಈಗ ನಡೆಯುತ್ತಿರುವ ಘಟಕದಿಂದ ಕೆಸರು ತಂದು ಹಾಕಿದರೆ ಅದರ ಒಂದು ಸಣ್ಣ ಪಾಲು ಸಮಯ ಸಾಕು. ಏರಿಳಿತದ ಬಗ್ಗೆ ನಿಮ್ಮ ಆಕ್ಷೇಪ ಒಪ್ಪತಕ್ಕದ್ದು, ಅದಕ್ಕೇ ಸಮತೋಲನ ಹೊಂಡ ದೊಡ್ಡದಿರಬೇಕು ಮತ್ತು ನೈಟ್ರೈಟ್ ಮಾಪಕ ನಿರಂತರವಾಗಿ ಓದುತ್ತಿರಬೇಕು. ಹಾಗೆಯೇ ಯುಎಎಸ್‌ಬಿ ಸರಿಯಾಗಿ ಕೆಲಸ ಮಾಡದೆ ಕೊಬ್ಬಿನಾಮ್ಲಗಳು ಹೊರಬಂದರೆ, ಬೇಗ ಬೆಳೆಯುವ ಇತರ ಬ್ಯಾಕ್ಟೀರಿಯಾಗಳು ಅನಾಮಾಕ್ಸನ್ನು ಒತ್ತಿಹಾಕುತ್ತವೆ. ಮುಂದಿನ ಹಂತದ ಭವಿಷ್ಯ ಹಿಂದಿನ ಹಂತದ ಕೈಯಲ್ಲಿದೆ.

ಬ್ಲೋವರ್ ಸದ್ದು

ಇಂಗಾಲದ ಕ್ರೆಡಿಟ್ ಲೆಕ್ಕ ಹಾಕುವವರು ನೈಟ್ರಸ್ ಆಕ್ಸೈಡನ್ನೂ ಅಳೆಯಲಿ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಮಾಡುತ್ತದೆ, ಮತ್ತು ನೈಟ್ರೈಟ್ ಏರಿದ ಕಡೆ ಅದು ಹುಟ್ಟುತ್ತದೆ.

ಗುಡ್ಡೆಯ ಮೇಲಿನವನು

ಎಲ್ಲರೂ ರಿಯಾಕ್ಟರ್ ಕಟ್ಟುವ ಮಾತನ್ನೇ ಆಡುತ್ತಿದ್ದೀರಿ. ಗುಡ್ಡೆಯೇ ಒಂದು ರಿಯಾಕ್ಟರ್ ಅಲ್ಲವೇ? ಲೀಚೇಟನ್ನು ಮತ್ತೆ ಕಸದೊಳಕ್ಕೆ ಹರಿಸಿದರೆ ತೇವಾಂಶ ಹೆಚ್ಚಿ ಕಸ ಬೇಗ ಕೊಳೆಯುತ್ತದೆ, ಲೀಚೇಟ್‌ನ ಸಿಒಡಿ ಒಳಗೇ ಮಿಥೇನ್ ಆಗುತ್ತದೆ, ಆ ಮಿಥೇನ್ ಗ್ಯಾಸ್ ಬಾವಿಗಳಲ್ಲಿ ಸಿಗುತ್ತದೆ.

ಹಳೇ ಆಪರೇಟರ್

ಸಿಒಡಿ ಮಟ್ಟಿಗೆ ನಿಮ್ಮ ಮಾತು ನಿಜ. ಆದರೆ ಆಮ್ಲಜನಕವಿಲ್ಲದ ಗುಡ್ಡೆಯೊಳಗೆ ಅಮೋನಿಯಾ ನಾಶವಾಗುವ ದಾರಿಯಿಲ್ಲ, ಅದು ಸುತ್ತುತ್ತಾ ಕೂಡುತ್ತಾ ಹೋಗುತ್ತದೆ. ಇನ್ನೊಂದು, ನೀರು ತುಂಬಿದ ಗುಡ್ಡೆಯ ಇಳಿಜಾರು ನಿಲ್ಲುವ ಭರವಸೆ ಇಲ್ಲ. ಕೊಲಂಬಿಯಾದ ಬೊಗೋಟಾದಲ್ಲಿ ಡೋನಾ ಹುವಾನಾ ಭೂಭರ್ತಿ 1997ರಲ್ಲಿ ಕುಸಿದು ಲಕ್ಷಾಂತರ ಘನ ಮೀಟರ್ ಕಸ ಜಾರಿತು. ಲೀಚೇಟನ್ನು ಹಿಂದಕ್ಕೆ ಪಂಪ್ ಮಾಡುತ್ತಿದ್ದುದರಿಂದ ಒಳಗೆ ಏರಿದ ನೀರಿನ ಒತ್ತಡವೇ ಅದಕ್ಕೆ ಮುಖ್ಯ ಕಾರಣವೆಂದು ಗುರುತಿಸಲಾಯಿತು. ತಳದ ಬಸಿಯುವ ಪದರ ಕಟ್ಟಿಕೊಳ್ಳದೆ ಇದ್ದು, ಒತ್ತಡ ಮಾಪಕಗಳನ್ನು ದಿನವೂ ನೋಡುವವರಿದ್ದರೆ ಮಾತ್ರ ಈ ದಾರಿ.

ಗುಡ್ಡೆಯ ಮೇಲಿನವನು

ಅಪಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಮಾತಿನ ಹಿಂದೆ ಇನ್ನೊಂದು ಅಂಶವಿದೆ, ಅದಕ್ಕೆ ಯಾರಾದರೂ ಉತ್ತರಿಸಿ. ಗುಡ್ಡೆಯ ಆಮ್ಲ ಹಂತ ಶಾಶ್ವತವಲ್ಲ. ಕಸದೊಳಗೆ ಮಿಥೇನ್ ಜೀವಿಗಳು ನೆಲೆಯೂರಿದ ಕೂಡಲೇ, ಬೆಚ್ಚಗಿನ ಮತ್ತು ತೇವದ ಸ್ಥಿತಿಯಲ್ಲಿ ಕೆಲವೇ ವರ್ಷಗಳಲ್ಲಿ, ಆಮ್ಲಗಳೆಲ್ಲ ಅಲ್ಲೇ ಖರ್ಚಾಗಿ ಲೀಚೇಟ್‌ನ ಸಿಒಡಿ 28,000ದಿಂದ ಐದಾರು ಸಾವಿರಕ್ಕೆ ಬೀಳುತ್ತದೆ. ನೀವು ಇಪ್ಪತ್ತು ವರ್ಷಕ್ಕೆಂದು ಕಟ್ಟಿದ ಯುಎಎಸ್‌ಬಿ ಆಗ ಏನನ್ನು ತಿನ್ನುತ್ತದೆ? ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆ ಸರಿಯಾದೀತು, ಕೂಸು ಬೆಳೆದು ಹೋದ ಮೇಲೂ ಅದೇ ಕುಲಾವಿ ತೊಡಿಸಲಾಗುವುದಿಲ್ಲ.

ಲೆಕ್ಕದ ಪುಸ್ತಕ

ಈ ಚರ್ಚೆಯಲ್ಲಿ ಬಂದ ಅತ್ಯಂತ ಗಟ್ಟಿ ಆಕ್ಷೇಪ ಇದು. ನನ್ನ 3,560 ಯೂನಿಟ್ ಇಂದಿನ ನೀರಿನ ಲೆಕ್ಕ, ಹತ್ತು ವರ್ಷದ ನಂತರದ್ದಲ್ಲ. ಹಾಗೆ ನೋಡಿದರೆ ಇಂಧನ ಕಳೆದುಹೋಗುವುದಿಲ್ಲ, ಲೀಚೇಟ್ ಕೊಳವೆಯಿಂದ ಗ್ಯಾಸ್ ಬಾವಿಗೆ ಜಾಗ ಬದಲಾಯಿಸುತ್ತದೆ. ಆದ್ದರಿಂದ ಲೀಚೇಟ್‌ಗೆಂದೇ ಪ್ರತ್ಯೇಕ ಎಂಜಿನ್ ಕೊಳ್ಳುವುದು ತಪ್ಪು ನಿರ್ಧಾರವಾಗುತ್ತದೆ. ರಿಯಾಕ್ಟರಿನ ಗ್ಯಾಸನ್ನು ಗುಡ್ಡೆಯ ಗ್ಯಾಸಿನ ಎಂಜಿನ್ನಿಗೇ ಜೋಡಿಸಬೇಕು. ಗುಡ್ಡೆಯ ಅನಿಲದಲ್ಲಿ ಮಿಥೇನ್ ಶೇ 50ರ ಆಸುಪಾಸು ಇದ್ದರೆ ಕೊಬ್ಬಿನಾಮ್ಲ ತಿಂದ ರಿಯಾಕ್ಟರಿನದು ಶೇ 70ರ ಹತ್ತಿರ ಇರುತ್ತದೆ, ಬೆರೆಸಿದರೆ ಎಂಜಿನ್ನಿಗೂ ಒಳ್ಳೆಯದೇ. ರಿಯಾಕ್ಟರನ್ನೂ 350 ಘನ ಮೀಟರ್‌ನ ಒಂದೇ ತೊಟ್ಟಿಯಾಗಿ ಕಟ್ಟದೆ ಎರಡು-ಮೂರು ಸಣ್ಣ ತೊಟ್ಟಿಗಳಾಗಿ ಕಟ್ಟಿದರೆ ಸಿಒಡಿ ಇಳಿದಂತೆ ಒಂದೊಂದನ್ನು ಬೇರೆ ಕೆಲಸಕ್ಕೆ ತಿರುಗಿಸಬಹುದು.

ಸಾರಜನಕ ಕಾವಲುಗಾರ

ಬೇರೆ ಕೆಲಸ ಎಂದರೆ ಅನಾಮಾಕ್ಸ್. ಸಿಒಡಿ ಬಿದ್ದರೂ ಅಮೋನಿಯಾ ದಶಕಗಟ್ಟಲೆ ಹಾಗೇ ಬರುತ್ತಿರುತ್ತದೆ. ಹತ್ತು ವರ್ಷದ ಮೇಲೆ ನಿಮ್ಮ ಘಟಕದಲ್ಲಿ ಉತ್ಪಾದಿಸುವ ಶಕ್ತಿ ಏನೂ ಇರುವುದಿಲ್ಲ, ಉಳಿಸುವ ಶಕ್ತಿ ಮಾತ್ರ ಇರುತ್ತದೆ, ಹಾಗಾಗಿ ಪ್ರಸ್ತಾವವನ್ನು ಆ ಕಾಲದ ನೀರಿನ ಮೇಲೂ ಪರೀಕ್ಷಿಸಿ.

ಚಿಮಣಿ

ಲೀಚೇಟ್‌ನಿಂದ ಗ್ಯಾಸ್ ಎಂಬ ಮಾತು ಎಂದೆಂದಿಗೂ ಸರಿಹೊಂದುವ ಒಂದು ಜಾಗವಿದೆ: ಕಸ ಸುಡುವ ಸ್ಥಾವರದ ಕಸದ ಕಣಜ. ಅಲ್ಲಿ ಹಸಿ ಕಸ ಕೆಲವು ದಿನ ಮಾತ್ರ ನಿಲ್ಲುವುದರಿಂದ ಒಸರುವ ನೀರು ಯಾವಾಗಲೂ ಹೊಸದೇ. ಚೀನಾದ ಸ್ಥಾವರಗಳಲ್ಲಿ ಅದರ ಸಿಒಡಿ ಲೀಟರಿಗೆ 50,000 ಮಿಲಿಗ್ರಾಂ ದಾಟುವುದು ಸಾಮಾನ್ಯ. ಅದನ್ನು ಗಾಳಿರಹಿತ ರಿಯಾಕ್ಟರಿಗೆ ಹಾಯಿಸಿ, ಬಂದ ಗ್ಯಾಸನ್ನು ಅದೇ ಕುಲುಮೆಗೆ ಕೊಡುತ್ತಾರೆ. ಅಲ್ಲಿ ನೀರಿಗೆ ಮುಪ್ಪು ಬರುವುದೇ ಇಲ್ಲ.

ತಿಳಿನೀರು

ಬಹಳ ಉಪಯುಕ್ತ ಚರ್ಚೆ. ಹಳೆಯ ಭಾಗದ 80 ಘನ ಮೀಟರನ್ನು ಯುಎಎಸ್‌ಬಿಗೆ ಕೊಡದೆ ನೇರವಾಗಿ ಅನಾಮಾಕ್ಸ್ ಹಂತಕ್ಕೆ ಕೊಡಬಹುದು ಎಂದು ಅರ್ಥ ಮಾಡಿಕೊಂಡಿದ್ದೇನೆ. ಕೊನೆಯಲ್ಲಿ ಉಳಿಯುವ ಬಣ್ಣವಿದ್ದರೂ ನಗರದ ಕೊಳಚೆ ನೀರಿನ ಘಟಕಕ್ಕೆ ಸೇರಿಸಿದರೆ ತೊಂದರೆಯಿದೆಯೇ?

ಪೊರೆ ಪಕ್ಷಪಾತಿ

ಆ ಘಟಕದಲ್ಲಿ ಅತಿನೇರಳೆ ದೀಪದಿಂದ ರೋಗಾಣು ಕೊಲ್ಲುತ್ತಿದ್ದರೆ ತೊಂದರೆಯಿದೆ. ಹ್ಯೂಮಿಕ್ ಪದಾರ್ಥಗಳು ಆ ಬೆಳಕನ್ನು ಹೀರಿಕೊಳ್ಳುತ್ತವೆ. ಅಲ್ಲದೆ ಪಿಎಫ್ಎಎಸ್ ಎಂಬ, ಸುಲಭವಾಗಿ ಕೊಳೆಯದ ಫ್ಲೋರಿನ್ ರಾಸಾಯನಿಕಗಳನ್ನು ಇಲ್ಲಿಯವರೆಗೆ ಹೇಳಿದ ಯಾವ ಜೀವಿಯೂ ಮುಟ್ಟುವುದಿಲ್ಲ. ಅವು ನೊರೆಯಲ್ಲಿ ಸೇರಿಕೊಳ್ಳುತ್ತವೆ, ನೀರಿನಲ್ಲಿ ದಾಟಿ ಹೋಗುತ್ತವೆ. ಇದ್ದಿಲಿನ ಹಂತವೊಂದನ್ನು ಕೇಳಿ.

ಗ್ಯಾಸ್ ಬಲೂನು

ಗುಡ್ಡೆಯ ಗ್ಯಾಸಿಗೆ ಜೋಡಿಸುವಾಗ ಏನಾದರೂ ಎಚ್ಚರಿಕೆ ಬೇಕೇ? ಎರಡೂ ಮಿಥೇನೇ ಅಲ್ಲವೇ?

ಹಳೇ ಆಪರೇಟರ್

ಎರಡರ ಕೊಳಕು ಬೇರೆ ಬೇರೆ. ಗುಡ್ಡೆಯ ಗ್ಯಾಸಿನಲ್ಲಿ ಸಿಲೋಕ್ಸೇನ್ ಎಂಬ ಸಿಲಿಕಾನ್ ಸಂಯುಕ್ತ ಇರುತ್ತದೆ, ಉರಿದಾಗ ಅದು ಮರಳಿನಂಥ ಸಿಲಿಕಾ ಆಗಿ ಎಂಜಿನ್ನಿನ ತಲೆಯಲ್ಲಿ ಕೂರುತ್ತದೆ. ರಿಯಾಕ್ಟರಿನ ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಹೆಚ್ಚು, ಅದರಲ್ಲೂ ಕಸದಲ್ಲಿ ಜಿಪ್ಸಂ ಹಲಗೆಗಳು ಬಿದ್ದಿದ್ದರೆ. ಆ ಸಲ್ಫೇಟ್ ಕಿಲೋಗೆ 0.67 ಕಿಲೋ ಸಿಒಡಿಯನ್ನೂ ತಿಂದುಹಾಕುತ್ತದೆ, ಅಷ್ಟು ಮಿಥೇನ್ ಕಡಿಮೆ. ಜೋಡಿಸುವ ಮೊದಲು ರಿಯಾಕ್ಟರಿನ ಗ್ಯಾಸನ್ನು ಪ್ರತ್ಯೇಕವಾಗಿ ತೊಳೆಯಬೇಕು. ಗುಡ್ಡೆಯ ಬಾವಿಗಳು ಹೀರುವ ಒತ್ತಡದಲ್ಲಿರುವುದರಿಂದ ಅಲ್ಲಿಂದ ಗಾಳಿ ಸೇರುವ ಸಾಧ್ಯತೆಯೂ ಇದೆ. ಆಮ್ಲಜನಕ ಮಾಪಕವನ್ನು ಜೋಡಣೆಗೆ ಮುಂಚೆಯೇ, ಗುಡ್ಡೆಯ ಕೊಳವೆಯಲ್ಲಿ ಇಡಿ, ಜೋಡಣೆಯ ನಂತರ ಅಲ್ಲ.

ಮಾದರಿ ತೆಗೆಯಲು ಹೋಗುವವರ ಕೊರಳಿಗೆ ಸಲ್ಫೈಡ್ ಅಲಾರಾಂ ಕಡ್ಡಾಯ ಮಾಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಓಡಿಹೋದರಾಯಿತು ಎಂದು ಹೊಸಬರು ತಿಳಿದಿರುತ್ತಾರೆ. ಹತ್ತು ಲಕ್ಷಕ್ಕೆ ನೂರು ಭಾಗ ದಾಟಿದ ಮೇಲೆ ಮೂಗಿಗೆ ಆ ವಾಸನೆ ತಿಳಿಯುವುದೇ ನಿಲ್ಲುತ್ತದೆ.